ಅವ್ವ ಕ್ಲಚ್ಚು ತುಳಿದ ದಿನ

ಬ್ರೇಕ್ ಆಯಿಲ್ಲಿನ ವಾಸನೆ ಇವತ್ತಿಗೂ ನನಗೆ ಆಗುವುದಿಲ್ಲ. ಗ್ಯಾರೇಜಿನ ಮುಂದೆ ಹಾಯುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋಗುವ ಈ ಮುದುಕಿಯನ್ನು ಕಂಡು ಅಲ್ಲಿನ ಹುಡುಗರು ನಗುತ್ತಾರೆ. ನಗಲಿ, ನನಗೇನು. ಆ ವಾಸನೆಯೊಳಗೆ ಕುಳಿತು ರೊಟ್ಟಿ ತಿಂದವಳು ನಾನು, ಅವರಲ್ಲ. ಗಡಿಯಾಚೆ, ಜತ್ತಿನ ಹತ್ತಿರದ ಡಫಳಾಪುರದ ನಮ್ಮ ಮನೆ ಆ ಕಡೆಯ ಎಲ್ಲ ಮನೆಗಳ ಹಾಗೇ ಇತ್ತು. ತಲಬಾಗಿಲು ದಾಟಿದರೆ ಎತ್ತು ಕಟ್ಟುವ ಜಾಗ, ಅದಕ್ಕೆ ಹತ್ತಿ ಎತ್ತರದ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಮೂಲೆಯಲ್ಲಿ ದೇವರ ಜಗಲಿ. ದನವೂ ಜನವೂ ಒಂದೇ ಮಾಳಿಗೆಯ ಕೆಳಗೆ. ಎತ್ತಿನ ಗಂಜಲದ ವಾಸನೆಯಲ್ಲೇ ಉಂಡು ಮಲಗಿ ಬೆಳೆದ ನಮಗೆ ಅದು ಹೊಲಸು ಎಂದು ಯಾವತ್ತೂ ಅನ್ನಿಸಿರಲಿಲ್ಲ. ಆಮೇಲೆ ನನ್ನ ಅಜ್ಜ, ಅಪ್ಪನ ಅಪ್ಪ, ಮೋಟಾರು ಕಾರು ತಂದ. ತಲಬಾಗಿಲು ಒಡೆಸಿ ಅಗಲ ಮಾಡಿಸಿದ, ಎತ್ತುಗಳನ್ನು ಹಿತ್ತಲಿನ ತಗಡಿನ ಚಪ್ಪರಕ್ಕೆ ಓಡಿಸಿದ, ಅವು ನಿಲ್ಲುತ್ತಿದ್ದ ಜಾಗದಲ್ಲಿ ಆ ದರಿದ್ರವನ್ನು ತಂದು ನಿಲ್ಲಿಸಿದ. ಅಂದಿನಿಂದ ನಮ್ಮ ಊಟ ಪೆಟ್ರೋಲು, ಸುಟ್ಟ ರಬ್ಬರು, ಬ್ರೇಕ್ ಆಯಿಲ್ಲುಗಳ ಸಂಗಡ ನಡೆಯಿತು. ಮೊಸರಿಗೂ ಅದೇ ವಾಸನೆ ಹತ್ತುತ್ತಿತ್ತು.

ಅದು ಹೊಸದೂ ಅಲ್ಲ. ಮಿರಜಿನಲ್ಲಿ ಯಾರೋ ಓಡಿಸಿ ಓಡಿಸಿ ಬೇಸತ್ತು ಬಿಟ್ಟದ್ದು. ಬೂದಿ ಬಣ್ಣ, ಒಳಗೆ ಹರಿದ ರೆಗ್ಜಿನ್ ಸೀಟು, ಹರಿದಲ್ಲಿ ಹೊರಬಿದ್ದ ತೆಂಗಿನ ನಾರು. ಓಡುವುದು ಅಪರೂಪ, ಸೋರುವುದು ದಿನಾ. ಆದರೆ ಅದು ಓಡಲೇಬೇಕೆಂಬ ಹಟ ಅಜ್ಜನಿಗೂ ಇರಲಿಲ್ಲ. ಮುಂಜಾನೆ ಲಿಂಗಪೂಜೆ ಮುಗಿಸಿ, ಪಟಕಾ ಸುತ್ತಿಕೊಂಡು, ನಿಂತ ಮೋಟಾರಿನ ಮುಂದಿನ ಸೀಟಿನಲ್ಲಿ ಹೋಗಿ ಕೂತುಬಿಡುತ್ತಿದ್ದ. ಮನೆಯ ಒಳಗೆ, ಮಾಳಿಗೆಯ ಕೆಳಗೆ! ನಮ್ಮ ಎಣ್ಣೆ ಕಾಳಿನ ಅಂಗಡಿಗೆ ಬಂದವರು ಅಲ್ಲಿಗೇ ಬಂದು ಕಿಟಕಿಯಲ್ಲಿ ಬಗ್ಗಿ ನಮಸ್ಕಾರ ಹೇಳಿ ಹೋಗಬೇಕು. ಮುಚ್ಚಂಡಿಯ ಬೀಗರು ಬಂದಾಗ ಅವರನ್ನೂ ಒಳಗೆ ಕೂರಿಸಿ, ಬಾಗಿಲು ಹಾಕಿ, ಎಲ್ಲಿಗೂ ಹೋಗದ ಮೋಟಾರಿನಲ್ಲೇ ಚಹಾ ಕುಡಿಸಿದ. ಕೂತಲ್ಲಿಂದಲೇ ತಂಬಾಕು ಉಗುಳುತ್ತಿದ್ದ. ಎಡಗಡೆಯ ಬಾಗಿಲ ಮೇಲೆ ಅದರ ಕೆಂಪು ಗೆರೆ ಸದಾ ಹಸಿ ಹಸಿ ಇರುತ್ತಿತ್ತು, ಅದರ ಮೇಲೆ ನೊಣ. ಅದನ್ನು ದಿನಾ ಒದ್ದೆ ಬಟ್ಟೆಯಿಂದ ಒರೆಸುವವಳು ನನ್ನ ಅವ್ವ. ಥೂ, ಈಗ ಬರೆಯುವಾಗಲೂ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಅವ್ವನ ತವರು ಉಟಗಿ. ಮೋಟಾರು ಬರುವ ಮುಂಚೆ ಅವಳು ವರ್ಷಕ್ಕೆ ಹಲವು ಸಲ ನನ್ನ ಕೈ ಹಿಡಿದು ಎಸ್ಟಿ ಬಸ್ಸು ಹತ್ತುತ್ತಿದ್ದಳು. ಜತ್ತಿನಲ್ಲಿ ಇಳಿದು, ಇನ್ನೊಂದು ಎಸ್ಟಿ ಹಿಡಿದು, ಕುರಿ ಕಾಯುವವರ ಜೊತೆ, ಬುತ್ತಿಗಂಟು ಕೋಳಿಗಳ ಜೊತೆ ನುಗ್ಗಾಡಿಕೊಂಡು ಹೋಗುವುದು. ಆ ಎಸ್ಟಿಯಲ್ಲಿ ಅವ್ವ ಬೇರೆಯೇ ಹೆಂಗಸು. ಸೆರಗು ಜಾರಿದರೂ ಎಳೆದುಕೊಳ್ಳುತ್ತಿರಲಿಲ್ಲ, ಗುರುತಿಲ್ಲದವರ ಜೊತೆಯೂ ಜೋರಾಗಿ ನಗುತ್ತಿದ್ದಳು. ಮೋಟಾರು ಬಂದ ವಾರದಲ್ಲೇ ಅಜ್ಜ ಸಾರಿಬಿಟ್ಟ:

“ಮೋಟಾರ ಇದ್ದ ಮನೀ ಸೊಸಿ ಎಸ್ಟ್ಯಾಗ ನಿಂತ ಹೋಗೂದೇನ? ಮಂದಿ ಏನಂದಾರು? ಇನ್ನ ಮ್ಯಾಲ ಹೋದ್ರ ಮೋಟಾರಾಗ ಹೋಗಬೇಕ. ಇಲ್ಲಂದ್ರ ಮನ್ಯಾಗ ಇರಬೇಕ.”

ಮೋಟಾರು ಹೋಗುತ್ತಿರಲಿಲ್ಲ, ಆದ್ದರಿಂದ ಅವ್ವ ಮನೆಯಲ್ಲೇ ಇದ್ದಳು. ಒಮ್ಮೆ ಟಾಯರು, ಒಮ್ಮೆ ಬ್ಯಾಟರಿ, ಒಮ್ಮೆ ಅಜ್ಜನಿಗೆ ಸಾಂಗಲಿಯಲ್ಲಿ ಕೆಲಸ. ದೀಪಾವಳಿ ಹೋಯಿತು, ಎಳ್ಳಮಾಸೆ ಹೋಯಿತು, ಯುಗಾದಿಯೂ ಹೋಯಿತು. ಉಟಗಿಯಲ್ಲಿ ಅವ್ವನ ತಾಯಿ, ನಾನು ಆಯಿ ಎಂದು ಕರೆಯುತ್ತಿದ್ದವಳು, ಹೋದವರ ಬಂದವರ ಕಡೆ ಹೇಳಿ ಕಳಿಸುತ್ತಿದ್ದಳು, ಮಗಳು ಯಾಕೆ ಬರಲೊಲ್ಲಳು ಎಂದು. ಏನು ಹೇಳಬೇಕು? ಮೋಟಾರು ಇದೆ, ಅದಕ್ಕೇ ಬರಲಾಗುವುದಿಲ್ಲ ಎಂದು ಹೇಳಿದರೆ ಯಾರಾದರೂ ನಂಬುತ್ತಾರೆಯೇ? ಅವ್ವ ಯಾರ ಕಡೆಯೂ ಉತ್ತರ ಕಳಿಸಲಿಲ್ಲ.

ಕ್ಲಚ್ಚು ಕೆಟ್ಟದ್ದೂ ನಮ್ಮ ಮನೆತನದ ಸಡಗರದಿಂದಲೇ. ಪ್ರತಿ ಅಮಾಸೆಗೆ ಚಕ್ಕಡಿಯ ಗಾಲಿಗೆ ಕೀಲೆಣ್ಣೆ ಹಾಕಿ, ಎತ್ತಿನ ಕೊಂಬಿಗೆ ಎಣ್ಣೆ ಸವರಿ, ಎಡೆ ಹಿಡಿಯುವುದು ನಮ್ಮಲ್ಲಿ ನಡೆದುಬಂದ ರೂಢಿ. ಮೋಟಾರು ಬಂದ ಮೇಲೆ ಅಜ್ಜ ಅದಕ್ಕೂ ಅಮಾಸೆಯ ಎಣ್ಣೆ ಸಲ್ಲಬೇಕೆಂದ. ಎಲ್ಲಿ ಹಾಕಬೇಕು? ಮೋಟಾರಿನಲ್ಲಿ ಡ್ರೈವರನ ಕಾಲ ಬುಡದ ಚಾಪೆ ಎತ್ತಿದರೆ ಒಂದು ಮುಚ್ಚಳ, ಅದನ್ನು ತೆಗೆದರೆ ಕ್ಲಚ್ಚಿನ ಎಣ್ಣೆಯ ಡಬ್ಬಿ. ಎಣ್ಣೆ ಇದ್ದ ಜಾಗ ಅದೊಂದೇ ಸುಲಭವಾಗಿ ಕಂಡಿತು. ಅಪ್ಪನ ತಮ್ಮ, ನಮ್ಮ ಕಾಕಾ, ಅಜ್ಜನ ಮಾತು ಮೀರದ ಭಕ್ತ. ಅಂಗಡಿಯಿಂದ ಚಲೋ ಗಾಣದ ಕುಸುಬಿ ಎಣ್ಣೆ ತಂದು ಅಮಾಸೆಗೊಮ್ಮೆ ಅದರೊಳಗೆ ಸುರಿದ. ಅಜ್ಜ ಪೆಡಲುಗಳಿಗೆ ವಿಭೂತಿ ಎಳೆದ. ಕೆಲವೇ ಅಮಾಸೆಗಳಲ್ಲಿ ಒಳಗಿನ ರಬ್ಬರು ವಾಷರುಗಳು ನೆನೆಸಿಟ್ಟ ಕಡಲೆಯ ಹಾಗೆ ಉಬ್ಬಿ, ಒಡೆದು, ಎಣ್ಣೆಯೆಲ್ಲ ಕೆಳಗೆ ಸೋರಿ ನೆಲದ ಫರಸಿಯ ಮೇಲೆ ಕರಿಯ ಲೋಳೆಯಾಗಿ ನಿಂತಿತು. ಅಪ್ಪ ಅದನ್ನು ಬಿಚ್ಚಿ ಹೊರತೆಗೆದಾಗ ಬಂದ ನಾತ ಇದೆಯಲ್ಲ, ಮುಗ್ಗಿದ ಕುಸುಬಿ ಎಣ್ಣೆ, ಕೊಳೆತ ರಬ್ಬರು, ಮತ್ತೆ ಆ ಸ್ಪಿರಿಟ್ಟಿನಂಥ ವಾಸನೆ ಮೂರೂ ಕೂಡಿದ್ದು. ನಾನು ಅಡಿಗೆಮನೆಗೆ ಓಡಿಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ. ಅಜ್ಜ ಮಾತ್ರ ಪಡಸಾಲೆಯ ಮೇಲಿಂದ ಹೇಳಿದ:

“ನಮ್ಮ ಎಣ್ಣ್ಯಾಗ ಖೋಟಿ ಇಲ್ಲ. ಮೋಟಾರ ಮಾಡಿದವನ ರಬ್ಬರನ್ಯಾಗ ಖೋಟಿ ಐತಿ.”

ಅಪ್ಪ ಮಿರಜಿಗೆ ಹೋಗಿ ಹೊಸ ರಬ್ಬರುಗಳನ್ನೂ, ಕ್ಲಚ್ಚಿಗೂ ಹಾಕುವ ಬ್ರೇಕ್ ಆಯಿಲ್ಲನ್ನು ಒಂದು ಡಬ್ಬಿಯನ್ನೂ ತಂದ. ಹಾಕುವುದು ಹೇಗೆ, ಹಾಕಿದ ಮೇಲೆ ಗಾಳಿ ತೆಗೆಯುವುದು ಹೇಗೆ ಎಂದು ಅಲ್ಲಿಯ ಮಿಸ್ತ್ರಿಯನ್ನು ಕೇಳಿ ತಿಳಿದುಕೊಂಡು ಬಂದ. ಅಪ್ಪನ ಬಗ್ಗೆ ಹೇಳಬೇಕೆಂದರೆ ಅವನು ಕೆಟ್ಟವನಲ್ಲ, ಮೆತ್ತಗಿನವನು. ಅಜ್ಜನ ಎದುರಿಗೆ ಅವನ ದನಿ ಹೊರಡುತ್ತಿರಲಿಲ್ಲ. ಹೆಂಡತಿಯ ಜೊತೆ ಮಾತಾಡುವ ಮಾತಂತೂ ದೂರ. ಹಿರಿಯರ ಮುಂದೆ ಗಂಡ ಹೆಂಡತಿ ಒಬ್ಬರಿಗೊಬ್ಬರು ನೇರ ಮಾತಾಡಬಾರದೆಂಬುದು ಆಗ ಎಲ್ಲ ಮನೆಗಳಲ್ಲೂ ಇದ್ದದ್ದೇ, ನಮ್ಮಲ್ಲಿ ಒಂದು ಕೈ ಹೆಚ್ಚು. ಊಟಕ್ಕೆ ಕೂತ ಅಪ್ಪನಿಗೆ ಇನ್ನೊಂದು ರೊಟ್ಟಿ ಬೇಕಾದರೆ, ಕೈಯಳತೆಯಲ್ಲಿ ಒಲೆಯ ಮುಂದೆ ಕೂತ ಅವ್ವನನ್ನು ಬಿಟ್ಟು ನನ್ನ ಕಡೆ ತಿರುಗಿ “ನಿಮ್ಮವ್ವಗ ರೊಟ್ಟಿ ತಾ ಅನ್ನು” ಎನ್ನುತ್ತಿದ್ದ. ಅವ್ವ ನನಗೆ “ಪಲ್ಯಾನೂ ಬೇಕೇನ ಕೇಳ” ಎನ್ನುತ್ತಿದ್ದಳು. ಇಬ್ಬರ ನಡುವೆ ನಾನು ಗಂಟಲು ಹರಿದುಕೊಳ್ಳುವುದು. ಇದನ್ನು ಮರ್ಯಾದೆ ಎಂದು ಕರೆಯುತ್ತಿದ್ದರು. ನನಗೆ ಆಗಲೇ ಅದು ಹೇಸಿಗೆ ಅನ್ನಿಸುತ್ತಿತ್ತು.

ರಬ್ಬರು ಹಾಕುವ ದಿನ ಮುಂಜಾನೆ ಎಸ್ಟಿಯ ಕಂಡಕ್ಟರ್ ನಮ್ಮ ಬಾಗಿಲಿಗೆ ಓಡಿಬಂದ. ಗಾಡಿ ರಸ್ತೆಯಲ್ಲಿ ಗುರುಗುಡುತ್ತ ನಿಂತಿತ್ತು. ಆ ಕಾಲಕ್ಕೆ ಊರಿಂದೂರಿಗೆ ಸುದ್ದಿ ಒಯ್ಯುವವರು ಅವರೇ.

“ಸಾವಕಾರ್ರ, ಉಟಗಿಂದ ನಿರೋಪ ಐತ್ರಿ. ನಿಮ್ಮ ಸೊಸೀ ತಾಯಿಗಿ ಭಾಳ ಆಗೇತಂತ. ನಿನ್ನಿಂದ ನೀರಷ್ಟ ಕುಡ್ಯಾಕತ್ತಾಳಂತ. ಲಗೂನ ಕಳಸ್ರಿ ಅಂದಾರ ಅವರ ಅಣ್ಣಾರು. ವೈನೀ, ಬರೂದಾದ್ರ ಈಗ ಬರ್ರಿ, ಗಾಡಿ ನಿಲ್ಲಸೇನಿ.”

ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹಿಟ್ಟು. ಹಿಟ್ಟಿನ ಕೈಯಲ್ಲೇ ಒಂದು ಹೆಜ್ಜೆ ಮುಂದೆ ಬಂದಳು. ಅಜ್ಜ ಅವಳ ಕಡೆ ನೋಡಲೇ ಇಲ್ಲ, ಕಂಡಕ್ಟರನಿಗೆ ಹೇಳಿದ:

“ನೀ ನಡಿ ತಮ್ಮಾ. ನಮ್ಮ ಮೋಟಾರ ಐತಿ. ತಾಸಿನ್ಯಾಗ ತಯಾರಾಗತೈತಿ. ನಿಮ್ಮ ಗಾಡೀನ ಹಿಂದ ಹಾಕಿ ಹೋಗತೀವಿ ನೋಡ.”

ಎಸ್ಟಿ ಹೋಯಿತು. ಅದರ ಧೂಳು ಇಳಿಯುವ ತನಕ ಅವ್ವ ಅಲ್ಲೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಕೈ ತೊಳೆದು, ಸೀರೆ ಬದಲಿಸಿ, ಸಣ್ಣ ಗಂಟೊಂದನ್ನು ಕಟ್ಟಿಟ್ಟು, ಪಡಸಾಲೆಯ ಕಂಬಕ್ಕೆ ಆತು ಕೂತಳು. ಅವಳಿಗೆ ಬೇಕಾದದ್ದು ಒಂದೇ, ತಾಯಿಯ ಬಾಯಲ್ಲಿ ಮಾತಿರುವಾಗ ಹೋಗಿ ಮುಟ್ಟುವುದು. ಅದು ಈಗ ಮೋಟಾರಿನ ಕೆಳಗೆ ಅಂಗಾತ ಮಲಗಿದ್ದ ಅಪ್ಪನ ಕೈಯಲ್ಲಿತ್ತು.

ರಬ್ಬರು ಹಾಕುವುದೇನೋ ಮುಗಿಯಿತು. ಉಳಿದದ್ದು ಗಾಳಿ ತೆಗೆಯುವುದು. ಪೈಪಿನಲ್ಲಿ ಗಾಳಿ ಸೇರಿದ್ದರೆ ಕ್ಲಚ್ಚು ತುಳಿದಾಗ ಕಾಲು ಮೆತ್ತಗೆ ನೆಲಕ್ಕಿಳಿಯುತ್ತದೆ, ಗೇರು ಬೀಳುವುದಿಲ್ಲ. ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲು ತುಳಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ ಪೈಪಿನ ತುದಿಯ ತಿರುಪನ್ನು ಪಾನಾ ಹಾಕಿ ತುಸು ಸಡಿಲಿಸಬೇಕು. ಎಣ್ಣೆಯ ಜೊತೆ ಗಾಳಿ ಗುಳುಗುಳು ಎಂದು ಕೆಳಗೆ ಹಿಡಿದ ಬಾಟಲಿಗೆ ಬೀಳುತ್ತದೆ. ತಿರುಪು ಮತ್ತೆ ಬಿಗಿಯಾಗುವ ತನಕ ಮೇಲಿನವರು ಕಾಲೆತ್ತಬಾರದು, ಎತ್ತಿದರೆ ಗಾಳಿ ತಿರುಗಿ ಒಳಕ್ಕೆ. ಇಷ್ಟೇ ವಿದ್ಯೆ. ಅದಕ್ಕೆ ಇಬ್ಬರೂ ಒಬ್ಬರಿಗೊಬ್ಬರು ಕೂಗಿ ಹೇಳಿಕೊಳ್ಳಬೇಕು.

ತುಳಿಯುವವರು ಯಾರು? ಕಾಕಾ ತಾನು ಮಾಡಿದ ಘನಕಾರ್ಯ ಬಯಲಾದಂದಿನಿಂದ ಹೊಲದ ಕಡೆಯೇ ಮಲಗುತ್ತಿದ್ದ. ಅಂಗಡಿಯ ಆಳು ಬಾಗಿಲಲ್ಲೇ ಇದ್ದ, ಗಟ್ಟಿಮುಟ್ಟು ಮನುಷ್ಯ. ಆಳಾದವನು ಡ್ರೈವರನ ಸೀಟಿನಲ್ಲಿ ಕೂರಬಾರದೆಂದು ಅಜ್ಜ ಅವನನ್ನು ಗದರಿಸಿ ಕಳಿಸಿದ. ಅಜ್ಜ ತಾನಂತೂ ತುಳಿಯುವುದಿಲ್ಲ, ತಾನೇ ವಿಭೂತಿ ಹಚ್ಚಿದ ಪೆಡಲಿಗೆ ಕಾಲು ಹಚ್ಚುವುದು ಹೇಗೆ! ನನ್ನ ಕಾಲು ಎಟಕುತ್ತಿರಲಿಲ್ಲ. ಉಳಿದವಳು ಅವ್ವ. ಅವ್ವ ಯಾರನ್ನೂ ಕೇಳಲಿಲ್ಲ. ಎದ್ದು ಬಂದು, ಸೆರಗನ್ನು ಬಾಯಿಗೆ ಕಚ್ಚಿ, ಡ್ರೈವರನ ಸೀಟಿನಲ್ಲಿ ಕೂತಳು. ಮಾವನ ಎದುರಿಗೆ ಚಾಪೆಯ ಮೇಲೂ ಕೂರದವಳು. ಅಜ್ಜ “ಶಿವಾ ಶಿವಾ” ಎನ್ನುತ್ತ ಪಡಸಾಲೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತುಬಿಟ್ಟ. ಬೆನ್ನು ನಮ್ಮ ಕಡೆ, ಕಿವಿ ಎರಡೂ ನಮ್ಮ ಕಡೆ. ತಂಬಾಕನ್ನು ಈಗ ಗೋಡೆಗೆ ಉಗುಳಿದ.

ಅಜ್ಜನ ಕಿವಿ ಅಲ್ಲಿರುವಾಗ ಅಪ್ಪ ಅವ್ವ ಮಾತಾಡುವಂತಿಲ್ಲ. ಹಾಗಾಗಿ ನಾನು ಬಾಗಿಲ ಹತ್ತಿರ ಮಂಡಿಯೂರಿದೆ. ಕೆಳಗಿನಿಂದ ಅಪ್ಪನ ಮಾತು ನನಗೆ, ನನ್ನಿಂದ ಅವ್ವನಿಗೆ. ಜೊತೆಗೆ ಕ್ಲಚ್ಚಿನ ಡಬ್ಬಿ ಬರಿದಾಗದಂತೆ ಮೇಲಿನಿಂದ ಎಣ್ಣೆ ಹೊಯ್ಯುವುದೂ ನನ್ನ ಪಾಲಿಗೆ.

“ನೀಲವ್ವಾ, ತುಳೀ ಅನ್ನು.”

“ಅವ್ವಾ, ತುಳೀಬೇಕಂತ.”

“ಹಿಡೀ ಅನ್ನು. ಬಿಡಬ್ಯಾಡ ಅನ್ನು.”

“ಹಿಡೀಬೇಕಂತ, ಬಿಡಬಾರದಂತ.”

“ಆತು. ಬಿಡು ಅನ್ನು.”

ಅಷ್ಟರಲ್ಲಿ ನಾನು ಎಣ್ಣೆ ಹೊಯ್ಯಲು ಬಗ್ಗಿರುತ್ತಿದ್ದೆ. ಅದನ್ನು ಹೊಯ್ದು ತಲೆಯೆತ್ತಿ “ಬಿಡಬೇಕಂತ” ಎನ್ನುವಷ್ಟರಲ್ಲಿ, ಅವ್ವ ಬಿಟ್ಟು ಮತ್ತೆ ತುಳಿದಿದ್ದಾಳೆಂದು ಎಣಿಸಿ ಅಪ್ಪ ಮುಂದಿನ ಸುತ್ತಿಗೆ ತಿರುಪು ಬಿಚ್ಚಿರುತ್ತಿದ್ದ. ಹಳೆಯ ಸುತ್ತಿನ ಮಾತು ಕೇಳಿ ಅವ್ವ ಕಾಲೆತ್ತುವುದು, ಬಿಚ್ಚಿದ ತಿರುಪಿನಿಂದ ಫಿಸ್ ಎಂದು ಗಾಳಿ ಒಳಗೆ ಹೋಗುವುದು. ಮತ್ತೆ ಮೊದಲಿನಿಂದ. ಎಷ್ಟು ಸಲವೋ. ಬಿಸಿಲು ತಲಬಾಗಿಲು ದಾಟಿ ಒಳಗೆ ಬಂತು. ಬಾಟಲಿಯಲ್ಲಿ ಕಂದು ನೊರೆ, ರಬ್ಬರಿನ ಚೂರು, ಹಳೆಯ ಕುಸುಬಿ ಎಣ್ಣೆಯ ಜಿಡ್ಡು. ಹೊಸ ಎಣ್ಣೆ ಮುಗಿಯುತ್ತ ಬಂದಾಗ ಅಪ್ಪ ಹರಕು ಧೋತರದ ತುಂಡಿನಲ್ಲಿ ಆ ಹೊಲಸನ್ನೇ ಸೋಸಿ ತಿರುಗಿ ಹೊಯ್ಯಲು ಕೊಟ್ಟ. ಅದು ನನ್ನ ಮೊಣಕೈತನಕ ಇಳಿಯಿತು, ಪರಕಾರಕ್ಕೆ ಹತ್ತಿತು, ಬಾಯಿಗೂ ಒಂದು ಹನಿ ಹಾರಿತು. ಕಹಿ ಅಂದರೆ ಕಹಿ, ನಾಲಿಗೆ ಜುಮ್ಮೆಂದಿತು. ಅವ್ವನ ಪಾದಕ್ಕೆ ವಿಭೂತಿ, ಎಣ್ಣೆ, ಬೆವರು ಕೂಡಿ ಬೂದುಬಣ್ಣದ ರಾಡಿ ಮೆತ್ತಿಕೊಂಡಿತ್ತು. ಅವಳು ತುಳಿಯುತ್ತಲೇ ಇದ್ದಳು. ಪೆಡಲು ಮಾತ್ರ ಮೊದಲಿನಂತೆಯೇ ಮೆತ್ತಗೆ ನೆಲಕ್ಕಿಳಿಯುತ್ತಿತ್ತು.

ಮಿರಜಿನಿಂದ ತಂದ ಡಬ್ಬಿಯ ತಳದಲ್ಲಿ ಒಂದು ಬಟ್ಟಲಿನಷ್ಟು ಎಣ್ಣೆ ಉಳಿದಾಗ ನಾನು ಹೇಳಿದೆ:

“ಅಪ್ಪಾ, ಎಣ್ಣಿ ಮುಗೀತು.”

ಜತ್ತಿನಲ್ಲೂ ಆ ಎಣ್ಣೆ ಸಿಗುತ್ತಿರಲಿಲ್ಲ. ಮಿರಜಿಗೇ ಹೋಗಬೇಕು, ಹೋಗಿ ಬರುವಷ್ಟರಲ್ಲಿ ದಿನ ಮುಳುಗುತ್ತದೆ. ಗೋಡೆಯ ಕಡೆ ಮುಖ ಮಾಡಿದ ಅಜ್ಜ ಕೆಮ್ಮಿದ:

“ಸಾವಕಾಶ ಆಗಲಿ. ನಾಳಿ ಹೋದ್ರಾತು.”

ಅವ್ವ ಬಾಯಿಂದ ಸೆರಗು ತೆಗೆದಳು. ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳಿರದ ದನಿಯಲ್ಲಿ, ಕಿಟಕಿಯಿಂದ ತಲೆ ಹೊರಹಾಕಿ, ಮೋಟಾರಿನ ಕೆಳಗೆ ಮಲಗಿದ್ದ ಗಂಡನಿಗೆ ನೇರ ಹೇಳಿದಳು:

“ಕೇಳ್ರಿ ಇಲ್ಲೆ! ಆಕೀನ್ನ ಬಿಡ್ರಿ, ನನ್ನ ಮಾತ ಕೇಳ್ರಿ. ನಾ ತುಳದ ಕೂಡ್ಲೆ ಹೇಳತೀನಿ. ಅವಾಗ ಬಿಚ್ಚ್ರಿ. ನನ್ನ ಕಾಲ ತೆಳಗ ಮುಟ್ಟಿದ ಕೂಡ್ಲೆ ಹೇಳತೀನಿ. ಅವಾಗ ಬಿಗೀ ಮಾಡ್ರಿ. ನೀವು ಬಿಗೀ ಆತು ಅನ್ನೂ ತನಕಾ ನಾ ಕಾಲ ಎತ್ತೂದಿಲ್ಲ.”

ಅಜ್ಜನ ಬೆನ್ನು ಸೆಟೆಯಿತು. ಕೆಳಗಿನಿಂದ ಅಪ್ಪನ ದನಿ ಬಂತು, ತೊದಲುತ್ತ:

“ಹೂಂ. ತುಳಿ.”

“ತುಳದೆ. ಬಿಚ್ಚ್ರಿ.”

“ಬಿಚ್ಚಿದೆ.”

“ಮುಟ್ಟಿತು, ಬಿಗೀ ಮಾಡ್ರಿ!”

“ಬಿಗೀ ಆತು.”

ಗುಳು ಗುಳು ಗುಳು. ಇಡೀ ಮುಂಜಾನೆ ಬಾರದ ಗಾಳಿ ಈಗ ಒಂದರ ಹಿಂದೆ ಒಂದು ಗುಳ್ಳೆಯಾಗಿ ಬಂತು. ಆ ಎರಡು ದನಿಗಳು ಒಂದಕ್ಕೊಂದು ಮುಟ್ಟಿ ಮುಟ್ಟಿ ಹೋಗುವುದನ್ನು ನಾನು ಬಾಯಿ ತೆರೆದು ಕೇಳುತ್ತಿದ್ದೆ. ಅಪ್ಪ ಅವ್ವ ಮಾತಾಡಿದರೆ ಹೀಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಬಟ್ಟಲಿನಷ್ಟು ಎಣ್ಣೆಯಲ್ಲೇ ಕೆಲಸ ಮುಗಿಯಿತು. ಅವ್ವ ಮತ್ತೆ ತುಳಿದಾಗ ಪೆಡಲು ಅರ್ಧಕ್ಕೇ ಎದುರು ಒತ್ತಿತು. “ಗಟ್ಟಿ ಆತ್ರಿ” ಎಂದಳು. ಅಪ್ಪ ಹೊರಗೆ ತೆವಳಿ ಬಂದು, ಕರಿ ಮುಖದಲ್ಲಿ ಹಲ್ಲು ಬಿಟ್ಟು ನಕ್ಕ. ಅವ್ವ ಇಳಿದು ಗಂಟು ಎತ್ತಿಕೊಂಡಳು. ಅಷ್ಟು ಹೊತ್ತಿನ ಹೇಸಿಗೆಯೆಲ್ಲ ಮರೆತು ನಾನೂ ಕುಣಿದೆ.

ಆಗ ಅಜ್ಜ ಗೋಡೆಯಿಂದ ಈ ಕಡೆ ತಿರುಗಿದ. ನಡೆದ ಮಾತಿನ ಬಗ್ಗೆ ಒಂದೂ ಅನ್ನಲಿಲ್ಲ. ಮೋಟಾರನ್ನು ಮೇಲಿಂದ ಕೆಳಗೆ ನೋಡಿ ಮೂಗು ಮುರಿದ.

“ಬೀಗರ ಊರಿಗಿ ಹಿಂಗ ಹೊಲಸ ಮೋಟಾರ ಒಯ್ಯೂದೇನ? ತೊಳೀರಿ ಮೊದಲ. ಕಾಯಿ ಒಡೀಬೇಕ, ಹೂವಿನ ಹಾರ ತರಸಬೇಕ. ನಾನೂ ಬರತೀನಿ. ಹಜಾಮಗ ಹೇಳಿ ಕಳಸ್ರಿ, ಗಡ್ಡ ಬೆಳದೈತಿ.”

ಸಾಯುವವಳ ಮನೆಗೆ ಹೋಗಲು ಗಡ್ಡ, ಹಾರ! ಅಪ್ಪ ಹೋಗಿ ಬಕೀಟು ಎತ್ತಿಕೊಂಡ. ಅಪ್ಪನ ಆ ಬಕೀಟನ್ನು ನೆನೆದರೆ ನನಗೆ ಎಣ್ಣೆಯ ವಾಸನೆಗಿಂತ ಹೆಚ್ಚು ಅಸಹ್ಯವಾಗುತ್ತದೆ. ಅವ್ವ ಅದನ್ನು ನೋಡಿದಳು. ನನ್ನ ಜಿಡ್ಡುಗೈ ಹಿಡಿದಳು, ತನ್ನದೂ ಜಿಡ್ಡುಗೈಯೇ. ತಲಬಾಗಿಲು ದಾಟಿ ನಡೆದೇಬಿಟ್ಟಳು. ಹಿಂದಿನಿಂದ ಅಜ್ಜ “ಏ ಹುಡಗೀ, ನಿಮ್ಮವ್ವ ಎಲ್ಲಿಗ್ಹೊಂಟಾಳ ಕೇಳ” ಎಂದು ಕೂಗಿದ. ನಾನು ಕೇಳಲಿಲ್ಲ. ಮಧ್ಯಾಹ್ನದ ಎಸ್ಟಿ ಬಂತು, ಹತ್ತಿದೆವು. ಪಕ್ಕದಲ್ಲಿ ಕೂತ ಹೆಂಗಸು ಮೂಗು ಮುಚ್ಚಿಕೊಂಡು ಸರಿದು ಕೂತಳು.

“ಏನವ್ವಾ ಇದ, ಏನ್ ಹಚಗೊಂಡೀರಿ? ನಾರತೀರಿ!”

“ಮೋಟಾರಿನ ಎಣ್ಣಿರಿ,” ಎಂದಳು ಅವ್ವ. ಆ ಹೆಂಗಸು ನಮ್ಮಿಬ್ಬರನ್ನೂ ನೋಡಿ, ಎಸ್ಟಿಯನ್ನೂ ನೋಡಿ, ಇನ್ನಷ್ಟು ಸರಿದು ಕೂತಳು.

ಉಟಗಿಯಲ್ಲಿ ಆಯಿಗೆ ಇನ್ನೂ ಮಾತಿತ್ತು. ಓಣಿಯ ಹೆಂಗಸರು ಸುತ್ತ ಕೂತಿದ್ದರು. ಅವ್ವನ ಮುಖ ಸವರಿ ಆಯಿ ಕೇಳಿದಳು:

“ಮೋಟಾರಾಗ ಬಂದ್ಯಾ ಯವ್ವಾ?”

ನಾನು ಅವ್ವನ ಮುಖ ನೋಡಿದೆ. ಹೇಳಲಿ, ಈಗಲಾದರೂ ಹೇಳಲಿ, ಆ ದರಿದ್ರದ ದೆಸೆಯಿಂದ ಇಷ್ಟು ತಿಂಗಳು ಬರಲಾಗಲಿಲ್ಲವೆಂದು ಎಲ್ಲರ ಮುಂದೆ ಹೇಳಲಿ ಅಂತ.

“ಹೂಂ ಯವ್ವಾ. ಮೋಟಾರಾಗ ಬಂದೆ.”

ನನಗೆ ಸಿಟ್ಟು ನೆತ್ತಿಗೇರಿತು. ಆಯಿಯ ಮುಖ ಮಾತ್ರ ಅರಳಿತು. “ಓಣ್ಯಾಗ ನಿಂತೈತೇನ? ನನ್ನೂ ಒಮ್ಮಿ ಅದರಾಗ ಕುಂದ್ರಸ” ಎಂದಳು. ಬಾಗಿಲ ಹತ್ತಿರ ಕೂತಿದ್ದ ನೆರೆಮನೆಯ ಮುದುಕಿ ಬಗ್ಗಿ ಹೊರಗೆ ನೋಡಿದಳು. ಓಣಿಯಲ್ಲಿ ಒಂದು ಆಡು ಬಿಟ್ಟರೆ ಏನಿಲ್ಲ. ಅವಳು ತಿರುಗಿ ಬಂದು ಆಯಿಯ ಕಾಲು ಒತ್ತುತ್ತ ಹೇಳಿದಳು:

“ಐತವ್ವಾ, ಭಾಳ ಚಲೋ ಮೋಟಾರ ಐತಿ. ಕುಂದ್ರವಂತಿ ತಡಿ, ಬಿಸಲ ಇಳೀಲಿ.”

ಬಿಸಿಲು ಇಳಿಯುವಷ್ಟರಲ್ಲಿ ಆಯಿಯ ಉಸಿರು ನಿಂತಿತು.

ಮೋಟಾರು ಬಂದದ್ದು ಮರುದಿನ ಮುಂಜಾನೆ. ಹೊಳೆಯುತ್ತಿತ್ತು, ಮೂತಿಗೆ ಚೆಂಡು ಹೂವಿನ ಹಾರ, ಮುಂದಿನ ಸೀಟಿನಲ್ಲಿ ನುಣ್ಣಗೆ ಗಡ್ಡ ಹೆರೆಸಿಕೊಂಡ ಅಜ್ಜ. ಸತ್ತ ಸುದ್ದಿ ಅವರಿಗೆ ಊರ ಅಗಸಿಯಲ್ಲೇ ತಿಳಿದದ್ದು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸುತ್ತೇವೆ, ಕೂರಿಸಿಯೇ ಒಯ್ಯುತ್ತೇವೆ. ಆಯಿ ಹಾಗೆ ಕೂತಿದ್ದಳು. ಹೊರಗೆ ಸೋದರಮಾವ ಒಯ್ಯಲು ಬಿದಿರಿನ ವಿಮಾನ ಕಟ್ಟಿಸುತ್ತಿದ್ದ. ಅಜ್ಜ ಮೋಟಾರಿನಿಂದ ಇಳಿದು, ಜನ ತನ್ನ ಮೋಟಾರನ್ನು ನೋಡಿದರೋ ಇಲ್ಲವೋ ಎಂದು ಸುತ್ತ ಕಣ್ಣಾಡಿಸಿದ. ಸತ್ಯವಾಗಿ ಹೇಳುತ್ತೇನೆ, ಆ ಹೊತ್ತಿನಲ್ಲೂ ಕಣ್ಣಾಡಿಸಿದ. ಅವ್ವ ಎದ್ದು ಹೊರಗೆ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ.

“ವಿಮಾನ ಬ್ಯಾಡ ಅಣ್ಣಾ. ಯವ್ವ ಮೋಟಾರಾಗ ಹೋಗತಾಳ.”

ಅಜ್ಜ ಒಂದು ಹೆಜ್ಜೆ ಹಿಂದೆ ಸರಿದು ಮೋಟಾರಿನ ಬಾಗಿಲಿಗೆ ಬೆನ್ನು ಹಚ್ಚಿ ನಿಂತ.

“ಏನಂತಾಳಿಕಿ? ಹೆಣಾ? ನನ್ನ ಮೋಟಾರಾಗ?”

“ನಮ್ಮ ಮಂದೀಗಿ ಸೂತಕ ಇಲ್ಲಲ್ಲರಿ ಮಾವಾರ. ಹೊರಗ ಸರೀರಿ,” ಎಂದಳು ಅವ್ವ. ಮಾವನ ಜೊತೆ ಅವಳು ಆಡಿದ ಮೊದಲ ಮಾತು ಅದು. ಮಣ್ಣಿನ ವಿಧಿ ಮಾಡಿಸಲು ಬಂದ ಅಯ್ಯನವರು ಅಲ್ಲೇ ನಿಂತಿದ್ದರು. ಅಜ್ಜ ಅವರ ಮುಖ ನೋಡಿದ. ಅವರು “ಖರೆ ಐತಿ, ಸೂತಕಿಲ್ಲ” ಎಂದರು. ಅವ್ವ ಅಪ್ಪನ ಕಡೆ ತಿರುಗಿದಳು. “ಹಿಂದಿನ ಬಾಗಲಾ ತಗೀರಿ.” ಅಪ್ಪ ಅಜ್ಜನನ್ನು ನೋಡಲಿಲ್ಲ. ಹೋಗಿ ಬಾಗಿಲು ತೆಗೆದ.

ಹಿಂದಿನ ಸೀಟಿನಲ್ಲಿ ಆಯಿಯನ್ನು ಕೂರಿಸಿದರು. ಮಗ್ಗುಲಿಗೆ ಅವ್ವ ಕೂತು, ಆಯಿ ವಾಲದಂತೆ ಹೆಗಲು ಕೊಟ್ಟು ತೋಳಲ್ಲಿ ಹಿಡಿದಳು. ಅಜ್ಜನ ಸೀಟಿನಲ್ಲಿ ನನ್ನನ್ನು ಕೂರಿಸಿದಳು. ಅಜ್ಜ ಜನರ ಸಂಗಡ ಹಿಂದೆ ಧೂಳಿನಲ್ಲಿ ನಡೆದು ಬಂದ. ಮುಂದೆ ಭಜನೆಯವರು ತಾಳ ಹಾಕುತ್ತ ನಿಂತು ನಿಂತು ಹೋಗುತ್ತಿದ್ದರು. ಅವರ ಹೆಜ್ಜೆಗೆ ಮೋಟಾರು ಸಾಗಬೇಕು, ಅಂದರೆ ದಾರಿಯುದ್ದ ಕ್ಲಚ್ಚನ್ನು ತುಳಿದು ಅರೆಬರೆ ಹಿಡಿದಿರಬೇಕು. ಒಳಗೆ ಅದೇ ನಾತ, ಮೇಲೆ ವಿಭೂತಿ ಊದುಬತ್ತಿ. ಅಪ್ಪನ ಎಡಗಾಲು ತೊಡೆಯಿಂದ ಪಾದದ ತನಕ ನಡುಗುತ್ತಿತ್ತು. ಪೆಡಲು ಗಟ್ಟಿಯಾಗಿ ನಿಂತಿತ್ತು. ಮಣ್ಣು ಕೊಡುವ ಹೊಲಕ್ಕೆ ಹೊರಳುವಲ್ಲಿ ಅಪ್ಪ ಹಿಂದಕ್ಕೆ ತಿರುಗಿ, ಊರವರೆಲ್ಲ ಕೇಳುವಂತೆ ಅವ್ವನಿಗೆ ಹೇಳಿದ:

“ಮುಂದ ತಗ್ಗ ಐತಿ. ಗಟ್ಟಿ ಹಿಡಕೋ ಆಕೀನ್ನ.”

“ಹಿಡದೇನ್ರಿ,” ಎಂದಳು ಅವ್ವ. “ನೀವ ಕಾಲ ಎತ್ತಬ್ಯಾಡ್ರಿ.”